ದೂರದ ನೆಂಟನ ಮನೆಗೆ ದಾರಿ

ಆ ಸಭೆಯಲ್ಲಿ ಯಾರಿಗೂ ಯಾವ ತೊಂದರೆಯೂ ಇರಲಿಲ್ಲ. ಇದ್ದ ತೊಂದರೆಗಳೆಲ್ಲ ಅವರ ನೆಂಟರಿಗೆ.

ಪ್ರತಿ ಬುಧವಾರ ಸಂಜೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಪ್ರಾರ್ಥನಾ ಕೂಟ ಸೇರುತ್ತಿತ್ತು. ಮಡಚುವ ಕುರ್ಚಿಗಳನ್ನು ದುಂಡಗೆ ಹಾಕಿ, ಮೂಲೆಯ ಮೇಜಿನ ಮೇಲೆ ಚಹಾದ ಫ್ಲಾಸ್ಕು ಇಟ್ಟು, ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಒಬ್ಬೊಬ್ಬರಾಗಿ ಹೇಳುತ್ತಿದ್ದರು. ಕ್ಷೌರದಂಗಡಿಯವನ ಷಡ್ಡಕನಿಗೆ ಕುಡಿತದ ಚಟ. ಟೀಚರಮ್ಮನ ಹಳೆಯ ಗೆಳತಿಯ ಮಗಳು ತಾಯಿಯ ಜೊತೆ ಮಾತು ಬಿಟ್ಟಿದ್ದಾಳೆ. ಸಭೆಯನ್ನು ನಡೆಸುವ ಅಯ್ಯನವರ ಜೊತೆ ಓದಿದವರೊಬ್ಬರಿಗೆ, ಅವರೂ ಒಂದು ಚರ್ಚಿನ ಅಯ್ಯನವರೇ ಅಂತೆ, ಪ್ರಾರ್ಥನೆಗೆ ಕೂತರೆ ಒಂದು ಮಾತೂ ಹೊರಡುತ್ತಿಲ್ಲ. ಪಾಪ, ಎಲ್ಲರೂ ಬೇರೆ ಊರಿನವರು. ಅದೂ ನೆಟ್ಟಗೆ ಬಸ್ಸಿಲ್ಲದ ಊರಿನವರು. ಅವರಿಗಾಗಿ ಕಣ್ಣು ಮುಚ್ಚಿ ಪ್ರಾರ್ಥಿಸಿ, ಚಹಾ ಕುಡಿದು, ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡದೆ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಹಿಂದಿನ ವರ್ಷ ಬಿಷಪ್ಪರು ಬಂದಿದ್ದರು. ತುಂಬಿದ ಬೆಂಚು, ಒರೆಸಿದ ಕಿಟಕಿ, ನಗುವ ಮುಖಗಳನ್ನು ನೋಡಿ, ಬ್ರೆಡ್ಡು ಬೆಣ್ಣೆ ತಿಂದು, "ಇದು ಆರೋಗ್ಯವಂತ ಸಭೆ" ಎಂದು ಹೇಳಿ ಹೋದರು. ಆ ಮಾತು ಎಲ್ಲರ ತಲೆಗೂ ಏರಿತು, ಬೇಕರಿಯಣ್ಣನ ತಲೆಗೆ ಒಂದು ಪಾವು ಜಾಸ್ತಿಯೇ ಏರಿತು. ಅವನು ಸಭೆಯ ಹಿರಿಯ, ಬುಧವಾರದ ಕೂಟ ಅವನ ಉಸ್ತುವಾರಿ, ಭಾನುವಾರ ಎಲ್ಲರಿಗೂ ಮುರಿದು ಹಂಚಲು ಕರ್ತನ ಮೇಜಿಗೆ ಬರುವ ರೊಟ್ಟಿ ಅವನ ಒಲೆಯದು. "ನಮ್ಮದು ಆರೋಗ್ಯವಂತ ಸಭೆ" ಎನ್ನದೆ ಅವನು ಮಾತು ಶುರು ಮಾಡುತ್ತಿರಲಿಲ್ಲ. ಹಿಟ್ಟು ನಾದಿ ನಾದಿ ಗಟ್ಟಿಯಾದ ತೋಳು, ಅದಕ್ಕೆ ತಕ್ಕ ಗಟ್ಟಿ ದನಿ. ಅವನು ಆಮೆನ್ ಅಂದರೆ ಫ್ಲಾಸ್ಕಿನ ಮುಚ್ಚಳ ಅದುರುತ್ತಿತ್ತು.

ಅವನ ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಟ ಆಡಿಸುವುದು ನನಗೆ ಒಗ್ಗುವುದಿಲ್ಲ. ಬೇಕರಿಯ ಮೇಲಿನ ಮಹಡಿಯಲ್ಲಿ, ಬೀದಿಗೆ ಕಿಟಕಿಯಿದ್ದ ಕೋಣೆಯಲ್ಲಿ, ಅವನ ಹೆಂಡತಿ ತಿಂಗಳುಗಳಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಜ್ವರವಿಲ್ಲ, ಗಾಯವಿಲ್ಲ. ಗಲ್ಲಾದಲ್ಲಿ ಕೂತು ಬಂದವರ ಮನೆಮಂದಿಯನ್ನೆಲ್ಲ ವಿಚಾರಿಸಿ, ಚಿಲ್ಲರೆಯ ಜೊತೆ ಒಂದು ಚಟಾಕಿಯನ್ನೂ ಕೊಟ್ಟು ಕಳಿಸುತ್ತಿದ್ದ ಹೆಂಗಸು, ಒಂದು ಬೆಳಿಗ್ಗೆ "ನಂಗೆ ಏಳಕ್ಕೆ ಆಗ್ತಾ ಇಲ್ಲ" ಅಂದಳು. ಇವತ್ತು ಏಳುತ್ತಾಳೆ, ನಾಳೆ ಏಳುತ್ತಾಳೆ ಎಂದು ಅವನು ಕಾದ. ಆಮೇಲೆ ಜನ ಕೇಳತೊಡಗಿದರು. "ಅವರಕ್ಕ ಬಿದ್ದು ಸೊಂಟ ಮುರ್ಕೊಂಡಿದ್ದಾರೆ, ನೋಡ್ಕೊಳ್ಳಕ್ಕೆ ಹೋಗಿದ್ದಾಳೆ" ಎಂದುಬಿಟ್ಟ. ಸಭೆ ಆ ಸೊಂಟಕ್ಕಾಗಿಯೂ ಮನಸಾರೆ ಪ್ರಾರ್ಥಿಸಿತು. ಆ ಅಕ್ಕನೋ ಅವಳ ಊರಿನಲ್ಲಿ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಳು.

ಒಂದು ಸುಳ್ಳಿಗೆ ಎಷ್ಟು ಚಾಕರಿ ಮಾಡಬೇಕು ನೋಡಿ. ತಾರಸಿಯ ಹಗ್ಗದ ಮೇಲೆ ಹೆಂಡತಿಯ ಬಟ್ಟೆ ಕಾಣಬಾರದೆಂದು ಅವನು ಅವನ್ನು ಒಲೆಯ ಕೋಣೆಯಲ್ಲಿ ಒಣಗಿಸುತ್ತಿದ್ದ. ಅವಳ ಬಟ್ಟೆಗೆಲ್ಲ ಬ್ರೆಡ್ಡಿನ ವಾಸನೆ. ಡಾಕ್ಟರ ಬಳಿ ಕರೆದುಕೊಂಡು ಹೋದರೆ ಬೀದಿಯಲ್ಲಿ ಕಾಣಬೇಕಲ್ಲ, ಅದನ್ನೂ ಮಾಡಲಿಲ್ಲ. ರಾತ್ರಿ ಅವಳ ಪಕ್ಕ ಕೂತು ಪ್ರಾರ್ಥಿಸುತ್ತಿದ್ದ, ಪ್ರಾರ್ಥಿಸುತ್ತಲೇ ಅಳುತ್ತಿದ್ದ, ಬೆಳಗಾದರೆ ಏಪ್ರನ್ನು ಕಟ್ಟಿಕೊಂಡು ಆರೋಗ್ಯವಂತ ಸಭೆಯ ಹಿರಿಯನಾಗುತ್ತಿದ್ದ.

ಬ್ರೆಡ್ಡಿಗೂ ತೊಂದರೆ ಬಂದಿತ್ತು. ಮದುವೆಯಾದ ಹೊಸತರಲ್ಲಿ ಅವನು ಮರೆತು ಒಂದೇ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದ. "ಉಪ್ಪಿನ ವಿಷಯ ಇನ್ಮೇಲೆ ನನಗೆ ಬಿಡಿ" ಎಂದು ಅವಳು ಡಬ್ಬಿ ಕಿತ್ತುಕೊಂಡವಳು ಮತ್ತೆ ಕೊಟ್ಟಿರಲಿಲ್ಲ. ಹಿಟ್ಟು ಅವನದು, ಉಪ್ಪು ಅವಳದು. ಈಗ ಡಬ್ಬಿ ಅವನ ಎದುರಿಗೇ ಇದ್ದರೂ ಮೇಲಿನ ಮನೆಯಲ್ಲಿ ಬೆಳಗು ಕೆಟ್ಟದಾಗಿದ್ದ ದಿನ ಅವನಿಗೆ ಉಪ್ಪು ಮರೆತೇ ಹೋಗುತ್ತಿತ್ತು. ಉಪ್ಪಿಲ್ಲದ ಹಿಟ್ಟು ಬೇಗ ಉಬ್ಬುತ್ತದೆ, ನೋಡಲು ದಂಡಿಯಾಗಿ ಕಾಣುತ್ತದೆ. ಬಾಯಿಗಿಟ್ಟರೆ ಸಪ್ಪೆ. ಊಟದ ಮೇಲೆ ಆಸೆಯೇ ಹೋಗಿದ್ದ ಅವನಿಗೆ ಅದು ತಿಳಿಯುತ್ತಿರಲಿಲ್ಲ. ತಿಂದವರು "ಚೆನ್ನಾಗಿದೆ ಅಣ್ಣ" ಅನ್ನುತ್ತಿದ್ದರು. ಅಷ್ಟು ಮರ್ಯಾದೆಯ ಜನ.

ಬುಧವಾರದಂದು ಅವನಿಗೂ ಒಬ್ಬ ನೆಂಟನಿದ್ದ. "ದೂರದ ಊರಲ್ಲಿ ನಮ್ಮ ಚಿಕ್ಕಪ್ಪನ ಮಗ ಒಬ್ಬ ಇದ್ದಾನೆ. ಅವನ ಹೆಂಡತಿಗೆ ಮನಸ್ಸಿಗೆ ಮಂಕು ಹಿಡಿದಿದೆ. ಪ್ರಾರ್ಥನೆ ಮಾಡಿ." ಎಲ್ಲರೂ ಆ ಹೆಸರಿಲ್ಲದ ಹೆಂಗಸಿಗಾಗಿ ಬೇಡಿಕೊಳ್ಳುವಾಗ ಅವನು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿದ್ದ. ಇಡೀ ವಾರದಲ್ಲಿ ಅವನ ಹೆಂಡತಿಗಾಗಿ ಇನ್ನೊಬ್ಬರ ಬಾಯಿಂದ ಬರುತ್ತಿದ್ದ ಪ್ರಾರ್ಥನೆ ಅದೊಂದೇ. ಸುಳ್ಳು ವಿಳಾಸಕ್ಕೆ ಹೋಗುತ್ತಿದ್ದರೂ ಅವನಿಗೆ ಅದು ಬೇಕೇಬೇಕಾಗಿತ್ತು.

ಹೀಗಿರುವಾಗ ನರ್ಸಮ್ಮ ಬಂದರು. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದು, ನಿವೃತ್ತಿಯಾಗಿ, ತಂಗಿಯ ಮನೆಗೆ ವಾಸಕ್ಕೆ ಬಂದವರು. ಗಿಡ್ಡ ಆಳು, ಸದ್ದಾಗದ ಚಪ್ಪಲಿ, ಎದುರಿಗಿದ್ದವರ ಮಣಿಕಟ್ಟು ಹಿಡಿದೇ ಮಾತಾಡಿಸುವ ಅಭ್ಯಾಸ. ಮೊದಲ ಬುಧವಾರ ಕ್ಷೌರದಂಗಡಿಯವನು ಷಡ್ಡಕನ ಕುಡಿತದ ಬಗ್ಗೆ ಹೇಳಿದ. ಪ್ರಾರ್ಥನೆಯಾಯಿತು. ಎಲ್ಲರೂ ಕಣ್ಣು ತೆರೆದಾಗ ನರ್ಸಮ್ಮ ಕೈಚೀಲದ ಜಿಪ್ಪು ಎಳೆದು, "ಸರಿ, ಹೋಗೋದು ಯಾವಾಗ?" ಎಂದು ಕೇಳಿದರು.

"ಎಲ್ಲಿಗೆ?" ಅಂದ ಕ್ಷೌರದಂಗಡಿಯವನು.

"ನಿಮ್ಮ ಷಡ್ಡಕನ ಮನೆಗೆ. ವಾರ್ಡಲ್ಲಿ ಒಬ್ಬರ ಹೆಸರು ಹೇಳಿದ್ರು ಅಂದ್ರೆ ಅವರ ಮಂಚದ ಹತ್ರ ಹೋಗ್ಬೇಕು ಅಂತ ಅರ್ಥ."

ಇಂಥ ಪ್ರಶ್ನೆ ಆ ಕುರ್ಚಿಗಳು ಕೇಳಿದ್ದೇ ಇಲ್ಲ. ಕ್ಷೌರದಂಗಡಿಯವನು ಏನೋ ತೊದಲಿ ಜಾರಿಕೊಂಡ. ಮುಂದಿನ ವಾರ ಬಂದು, ಕರ್ತನ ಕೃಪೆಯಿಂದ ಷಡ್ಡಕ ಪೂರ್ತಿ ಕುಡಿತ ಬಿಟ್ಟನೆಂದು ಸಾಕ್ಷಿ ಹೇಳಿದ. ಏಳೇ ದಿನದಲ್ಲಿ ಅಷ್ಟು ದೊಡ್ಡ ಅದ್ಭುತ. ಎಲ್ಲರೂ ಸ್ತೋತ್ರ ಹೇಳಿದರು. ಬೇಕರಿಯಣ್ಣ ಒಳಗೊಳಗೇ ನಕ್ಕ. ಆಮೇಲೆ ಅವನ ಸರದಿ ಬಂತು.

"ನಮ್ಮ ಚಿಕ್ಕಪ್ಪನ ಮಗನ ಹೆಂಡತಿ" ಎಂದು ಶುರು ಮಾಡುವಷ್ಟರಲ್ಲಿ ನರ್ಸಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಊಟ ಮಾಡ್ತಾರಾ?"

"ಎರಡು ತುತ್ತು. ಅದೂ ಬಲವಂತಕ್ಕೆ."

"ನಿದ್ದೆ?"

"ಹಗಲೆಲ್ಲ ಕಣ್ಣು ಮುಚ್ಕೊಂಡಿರ್ತಾಳೆ. ರಾತ್ರಿ ಎಚ್ಚರ. ಗೋಡೆ ಮೇಲೆ ಬೆರಳಲ್ಲಿ ಏನೋ ಗೀಚ್ತಾ ಇರ್ತಾಳೆ."

"ತಲೆ ಬಾಚ್ಕೋತಾರಾ?"

"ಇಲ್ಲ. ಪೂರ್ತಿ ಸಿಕ್ಕು. ನಾನು ಬಾಚಕ್ಕೆ ಹೋದ್ರೆ..." ಬೇಕರಿಯಣ್ಣ ನಾಲಿಗೆ ಕಚ್ಚಿಕೊಂಡ. "ನನ್ನ ಚಿಕ್ಕಪ್ಪನ ಮಗ ಬಾಚಕ್ಕೆ ಹೋದ್ರೆ ನೋಯತ್ತೆ, ಬಿಡಿ ಅಂತಾಳಂತೆ."

ಟೀಚರಮ್ಮ ತಲೆ ತಗ್ಗಿಸಿ ತಮ್ಮ ಬೆರಳುಗಳನ್ನು ನೋಡುತ್ತಿದ್ದರು. ಅಯ್ಯನವರು ಕೆಮ್ಮಿದರು. ನರ್ಸಮ್ಮ ಮಾತ್ರ ಏನೂ ಅನುಮಾನವಿಲ್ಲದೆ, "ಪಾಪ, ನಿಮ್ಮ ತಮ್ಮ ಎಲ್ಲ ವಿವರ ಹೇಳ್ತಾನೆ, ಒಳ್ಳೆಯದೇ ಆಯ್ತು" ಅಂದರು. "ಶನಿವಾರ ಹೋಗೋಣ. ವ್ಯಾನು ನಿಮ್ಮದೇ ಇದೆ."

"ತುಂಬ ದೂರ ನರ್ಸಮ್ಮ."

"ಊಟ ಕಟ್ಕೊಂಡು ಹೋಗೋಣ."

"ಯಾರನ್ನೂ ಮನೆಗೆ ಸೇರಿಸಲ್ಲ ಅವನು."

"ಬಾಗಿಲಲ್ಲಿ ನಿಂತು ಮಾತಾಡ್ಸಿ ಬರೋಣ."

"ಅವನಿಗೆ ನಾಚಿಕೆ ಜಾಸ್ತಿ."

"ನಾಚಿಕೆ ಯಾರಿಗಿಲ್ಲ? ಜೀವಮಾನ ಎಲ್ಲ ಬೆಡ್‌ಪ್ಯಾನ್ ಇಟ್ಟಿದೀನಿ, ನಾಚಿಕೆಯಿಂದ ಸತ್ತೋರನ್ನ ನಾನು ನೋಡಿಲ್ಲ. ನಾಚ್ಕೊಂಡು ಡಾಕ್ಟ್ರ ಹತ್ರ ಬರದೆ ಸತ್ತೋರನ್ನ ನೋಡಿದೀನಿ."

ಆ ಮಾತು ಅವನ ಎದೆಗೆ ನಾಟಿತು. ಮನೆಗೆ ಹೋದವನು ಅಡ್ಡದಾರಿ ಹುಡುಕಿದ. ಕ್ಷೌರದಂಗಡಿಯವನ ಹಾಗೆ ತಾನೂ "ವಾಸಿಯಾಯ್ತು" ಅಂದುಬಿಟ್ಟರೆ ಮುಗಿಯಿತು. ಆದರೆ ಹಾಗೆಂದರೆ ಬುಧವಾರದ ಆ ಪ್ರಾರ್ಥನೆಯೂ ನಿಂತುಹೋಗುತ್ತದೆ. ಮೇಲಿನ ಕೋಣೆಗೆ ಹೋಗಿ ನಿಂತ. ಅವಳ ಬೆನ್ನು ಕಂಡಿತು, ಬೆನ್ನಿನ ಮೇಲೆ ಗಂಟುಗಂಟಾದ ಕೂದಲು ಕಂಡಿತು. ಆ ಒಂದು ಪ್ರಾರ್ಥನೆಯನ್ನು ಕೈಯಾರೆ ನಿಲ್ಲಿಸಲು ಅವನಿಗೆ ಮನಸ್ಸು ಬರಲಿಲ್ಲ. ಬಾಯೊಳಗಿನ ಬಿಸಿ ತುಪ್ಪದಂತೆ ಸುಳ್ಳು ಅಲ್ಲೇ ಉಳಿಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಶನಿವಾರ ಬೆಳಿಗ್ಗೆ ವ್ಯಾನಿನಿಂದ ಟ್ರೇಗಳನ್ನು ಇಳಿಸಿ ಎರಡು ಬೆಂಚು ಹಾಕಿದ. ಸ್ವಲ್ಪ ದೂರ ಹೋಗಿ ಎಂಜಿನ್ನು ಕೆಟ್ಟಿತೆಂದು ವಾಪಸ್ಸು ಬರುವುದು ಅವನ ಉಪಾಯ. ನರ್ಸಮ್ಮ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಅಯ್ಯನವರು, ಕ್ಷೌರದಂಗಡಿಯವನು, ಟೀಚರಮ್ಮ. ಅಯ್ಯನವರ ಕೈಯಲ್ಲಿ ಸೂಪಿನ ಫ್ಲಾಸ್ಕು. ಕ್ಷೌರದಂಗಡಿಯವನ ತೊಡೆಯ ಮೇಲೆ ಬೇಕರಿಯಣ್ಣನದೇ ಬ್ರೆಡ್ಡು. ಟೀಚರಮ್ಮನ ಕೈಯಲ್ಲಿ ಅಗಲ ಹಲ್ಲಿನ ಒಂದು ಬಾಚಣಿಗೆ.

ಕನ್ನಡಿಯಲ್ಲಿ ಆ ಬಾಚಣಿಗೆ ಕಂಡಾಗ ಬೇಕರಿಯಣ್ಣನಿಗೆ ಗೇರು ಹಾಕುವುದು ಮರೆತುಹೋಯಿತು.

ಹಿಂದೆ, ಈ ನೆಂಟರ ಪದ್ಧತಿ ಶುರುವಾಗುವುದಕ್ಕೂ ಮುಂಚೆ, ಟೀಚರಮ್ಮ ಬುಧವಾರದ ಕೂಟದಲ್ಲಿ ತಮ್ಮ ದುಃಖವನ್ನೇ ಹೇಳಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದರು. ಮಗಳು ಮನೆ ಬಿಟ್ಟು ಹೋದ ವಾರ ಅದು. ಆಗ ಹೊಸದಾಗಿ ಹಿರಿಯನಾಗಿದ್ದ ಬೇಕರಿಯಣ್ಣ ಗಟ್ಟಿ ದನಿಯಲ್ಲಿ, "ವಿಶ್ವಾಸ ಇರೋರ ಮುಖ ಹೀಗಿರಬಾರದು ಟೀಚರಮ್ಮ, ನೋಡಿದೋರು ನಮ್ಮ ಸಭೆ ಬಗ್ಗೆ ಏನಂದ್ಕೋತಾರೆ" ಎಂದಿದ್ದ. ಟೀಚರಮ್ಮ ಕಣ್ಣೊರೆಸಿಕೊಂಡರು. ಮುಂದಿನ ವಾರ ಅವರಿಗೊಬ್ಬ ಗೆಳತಿ ಹುಟ್ಟಿಕೊಂಡಳು. ಅದರ ಮುಂದಿನ ವಾರ ಕ್ಷೌರದಂಗಡಿಯವನಿಗೆ ಷಡ್ಡಕ. ಆಮೇಲೆ ಒಬ್ಬೊಬ್ಬರಿಗೂ ನೆಂಟರೇ ನೆಂಟರು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ ಇರಬೇಕು. ಆ ಟೀಚರಮ್ಮ ಈಗ ಮುಖ ಕಾಣದ ಯಾರದೋ ಹೆಂಡತಿಯ ಸಿಕ್ಕು ಬಿಡಿಸಲು ಬಾಚಣಿಗೆ ಹಿಡಿದು ಕೂತಿದ್ದಾರೆ.

ವ್ಯಾನು ಹೊರಟಿತು. ಮಾರುಕಟ್ಟೆ ದಾಟಿತು, ಪೆಟ್ರೋಲ್ ಬಂಕು ದಾಟಿತು, ಊರಾಚೆಯ ದೊಡ್ಡ ವೃತ್ತಕ್ಕೆ ಬಂತು. ನೇರ ಹೋದರೆ ಹೆದ್ದಾರಿ, ಎಂಜಿನ್ನು ಕೆಡಿಸಲು ಪ್ರಶಸ್ತವಾದ ಜಾಗ. ಬೇಕರಿಯಣ್ಣ ವೃತ್ತವನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಟ್ರಾಫಿಕ್ ಪೊಲೀಸಿನವನು ಅವನನ್ನೇ ನೋಡತೊಡಗಿದ.

"ದಾರಿ ಮರೆತುಹೋಯ್ತಾ?" ಅಂದರು ನರ್ಸಮ್ಮ.

"ಇಲ್ಲ. ದಾರಿ ಗೊತ್ತು."

ಬಂದ ದಾರಿಯಲ್ಲೇ ವ್ಯಾನನ್ನು ತಿರುಗಿಸಿದ. ಪೆಟ್ರೋಲ್ ಬಂಕು ಮತ್ತೆ ಬಂತು, ಮಾರುಕಟ್ಟೆ ಮತ್ತೆ ಬಂತು. ಹಿಂದಿನ ಬೆಂಚಿನವರು ಯಾಕೆಂದು ಕೇಳಲಿಲ್ಲ. ಇನ್ನು ಹಿರಿಯತನ ಹೋಯಿತು, ಮರ್ಯಾದೆ ಹೋಯಿತು, ಭಾನುವಾರ ಯಾವ ಮುಖ ಹೊತ್ತು ಮೇಜಿನ ಹತ್ತಿರ ನಿಲ್ಲಲಿ ಎಂದು ಬೇಕರಿಯಣ್ಣನ ಒಂದು ಮನಸ್ಸು ಗೋಗರೆಯಿತು. ಬಾಚಣಿಗೆ ಬಂದಿದೆ, ಹೋಗೋಣ ಎಂದಿತು ಇನ್ನೊಂದು. ಬೇಕರಿಯ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಮೆಟ್ಟಿಲ ಬುಡದಲ್ಲಿ ಅವನು ವ್ಯಾನು ನಿಲ್ಲಿಸಿದ.

"ಬಂತು" ಅಂದ.

ನರ್ಸಮ್ಮ ಕತ್ತು ಹೊರಗೆ ಹಾಕಿ ನೋಡಿದರು. "ಇದು ನಿಮ್ಮ ಮನೆ ಅಲ್ವಾ?"

"ಹೌದು."

ಅವರು ಅವನ ಮುಖ ನೋಡಿದರು. ಬುಧವಾರ ಕೇಳಿದ್ದೆಲ್ಲ ಅವರ ತಲೆಯಲ್ಲಿ ಒಂದೊಂದಾಗಿ ಜಾಗಕ್ಕೆ ಬಂದು ಕೂತಿರಬೇಕು. "ಸರಿ" ಎಂದರು. "ಎಷ್ಟನೇ ಮಹಡಿ?"

ಉಳಿದವರು ಆಗಲೇ ಇಳಿದಿದ್ದರು. ಆಶ್ಚರ್ಯಪಟ್ಟವರು ನರ್ಸಮ್ಮ ಒಬ್ಬರೇ ಎಂಬುದು ಬೇಕರಿಯಣ್ಣನಿಗೆ ಮೆಟ್ಟಿಲು ಹತ್ತುವಾಗ ಹೊಳೆಯಿತು.

ಕೋಣೆಯಲ್ಲಿ ಪರದೆ ಎಳೆದಿತ್ತು. ಸ್ಟೂಲಿನ ಮೇಲೆ ಕೆನೆಗಟ್ಟಿದ ಚಹಾ. ಅವನ ಹೆಂಡತಿ ಗೋಡೆಯ ಕಡೆ ಮುಖ ಮಾಡಿಯೇ, "ಯಾರು?" ಎಂದಳು.

"ನಮ್ಮ ಸಭೆಯವರು" ಅಂದ ಅವನು. ದನಿ ಅವನದೇ ಎಂದು ನಂಬಲಾಗದಷ್ಟು ಸಣ್ಣಗಿತ್ತು.

ಅವಳು ಗೋಡೆಗೇ ಹೇಳಿದಳು, "ನಾನು ಅಕ್ಕನ ಮನೇಲಿದೀನಿ ಅಂತ ಹೇಳಿಲ್ವಾ ಇವರಿಗೆ?"

"ಹೇಳಿದಾರೆ ಅಕ್ಕ" ಅಂದ ಕ್ಷೌರದಂಗಡಿಯವನು. "ನಾವೂ ನಂಬಿದ ಹಾಗೇ ಇದ್ವಿ."

ಅವಳು ಹೊರಳಿದಳು. ತಿಂಗಳುಗಳಿಂದ ಗಂಡ ಬೇಡಿಕೊಂಡರೂ ಹೊರಳದವಳು ಹೊರಳಿ, ಬಾಗಿಲಲ್ಲಿ ಗುಂಪಾಗಿ ನಿಂತವರನ್ನು ನೋಡಿದಳು. "ಏನು, ನಂಬಿದ ಹಾಗೆ ಅಂದ್ರೆ?" ಎಂದು ಬೇಕರಿಯಣ್ಣ ಕೇಳಿದ.

ಕ್ಷೌರದಂಗಡಿಯವನು ಪರದೆಯನ್ನು ಒಂಚೂರು ಸರಿಸಿ ಎದುರು ಬದಿಯನ್ನು ತೋರಿಸಿದ. "ಅದು ನಮ್ಮ ಅಂಗಡಿ. ಕನ್ನಡಿ ನೇರ ನಿಮ್ಮ ಕಿಟಕಿಗೆ. ಗಿರಾಕಿ ತಲೆ ಹಿಡಿದು ಕನ್ನಡಿ ನೋಡಿದ್ರೆ ಅಕ್ಕನ ನೆರಳು ಕಾಣತ್ತೆ. ನೋಡ್ಬಾರ್ದು ಅಂದ್ರೂ ಕಾಣತ್ತೆ."

"ಎಲ್ಲರಿಗೂ ಗೊತ್ತಿತ್ತಾ?"

"ಬ್ರೆಡ್ಡೇ ಹೇಳ್ತಿತ್ತಲ್ಲ ಅಣ್ಣ" ಎಂದರು ಟೀಚರಮ್ಮ. "ಉಪ್ಪಿಲ್ಲದ ದಿನ ಅಕ್ಕನಿಗೆ ತುಂಬ ಕಷ್ಟ ಆಗಿದೆ ಅಂತ ಗೊತ್ತಾಗ್ತಿತ್ತು. ಅವತ್ತು ಮನೇಲಿ ನಾನೊಂದು ಪ್ರಾರ್ಥನೆ ಜಾಸ್ತಿ ಮಾಡ್ತಿದ್ದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಬೇಕರಿಯಣ್ಣನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಗೊತ್ತಿದ್ದೂ ಯಾರೂ ಮೆಟ್ಟಿಲು ಹತ್ತಲಿಲ್ಲ" ಅಂದ.

ಅಯ್ಯನವರು ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ನಿಂತಿದ್ದರು. "ಹತ್ತಬೇಕಿತ್ತು" ಎಂದರು. "ಬೇರೆಯವರ ಬಾಗಿಲು ತಟ್ಟಿದ್ರೆ ನಾಳೆ ಅವರು ನನ್ನ ಬಾಗಿಲು ತಟ್ತಾರಲ್ಲ ಅಂತ ಭಯ. ನಿಮಗೆ ಮರ್ಯಾದೆ ಕೊಟ್ವಿ ಅಂದ್ಕೊಂಡಿದ್ವಿ. ಅದು ಮರ್ಯಾದೆ ಅಲ್ಲ." ಅಯ್ಯನವರ ಬಾಯಿಂದ ಬಂದ ಉಪದೇಶಗಳಲ್ಲಿ ಬೇಕರಿಯಣ್ಣನಿಗೆ ಪೂರ್ತಿ ನೆನಪಿರುವುದು ಇದೊಂದೇ.

ನರ್ಸಮ್ಮ ಇದಾವುದಕ್ಕೂ ಕಾಯದೆ ಮಂಚದ ಅಂಚಿನಲ್ಲಿ ಕೂತು ಮಣಿಕಟ್ಟು ಹಿಡಿದಿದ್ದರು. ಮೆಲ್ಲಗೆ ಒಂದೆರಡು ಪ್ರಶ್ನೆ ಕೇಳಿದರು. ಹೆಂಡತಿ ಮೆಲ್ಲಗೆ ಉತ್ತರ ಕೊಟ್ಟಳು. "ಇದು ಕಾಯಿಲೆ" ಎಂದರು ಅವರು, ಎಲ್ಲರಿಗೂ ಕೇಳುವಂತೆ. "ನಿಮ್ಮ ವಿಶ್ವಾಸ ಕಮ್ಮಿಯಾಗಿ ಬಂದಿದ್ದಲ್ಲ. ಔಷಧಿ ಇದೆ, ಇದಕ್ಕೇ ಅಂತ ಡಾಕ್ಟ್ರಿದ್ದಾರೆ. ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ. ಗುಳಿಗೆನೂ ಇರಲಿ, ಪ್ರಾರ್ಥನೆನೂ ಇರಲಿ. ಅವೆರಡೂ ಜಗಳ ಆಡಲ್ಲ."

ಟೀಚರಮ್ಮ ಅವಳ ಹಿಂದೆ ಕೂತು ಕೂದಲನ್ನು ತುದಿಯಿಂದ ಬಿಡಿಸತೊಡಗಿದರು. ಬೇಕರಿಯಣ್ಣ ಹತ್ತಿರ ಹೋಗಿ ನಿಂತ. "ಟೀಚರಮ್ಮ, ಅವತ್ತು ನಾನು ನಿಮಗೆ ಹೇಳಿದ್ದು..."

"ಸಿಕ್ಕು ಬಿಡಿಸ್ತಾ ಇದೀನಿ, ಈಗ ಮಾತಾಡಿಸ್ಬೇಡಿ" ಎಂದರು ಅವರು. ಕಣ್ಣು ಮಾತ್ರ ತುಂಬಿತ್ತು. ಅವನದೂ ತುಂಬಿತು.

ಅಯ್ಯನವರು ಸೂಪು ಬಗ್ಗಿಸಿದರು. ಹೆಂಡತಿ ಬ್ರೆಡ್ಡಿನ ಚೂರೊಂದನ್ನು ಅದರಲ್ಲಿ ಅದ್ದದೆ ಹಾಗೇ ಬಾಯಿಗಿಟ್ಟಳು. ಅಗಿದಳು. ಗಂಡನ ಕಡೆ ನೋಡಿದಳು.

"ಉಪ್ಪಿಲ್ಲ ಇದರಲ್ಲಿ" ಅಂದಳು.

"ಇಲ್ಲ" ಅಂದ ಅವನು. "ನೀನಿಲ್ವಲ್ಲ."

ಮುಂದಿನ ಬುಧವಾರ ಬೇಕರಿಯಣ್ಣ ಎದ್ದು ನಿಂತು, "ನನ್ನ ಹೆಂಡತಿಗಾಗಿ ಪ್ರಾರ್ಥನೆ ಮಾಡಿ. ನನಗಾಗಿಯೂ ಮಾಡಿ, ನನಗೆ ಭಯ ಆಗತ್ತೆ" ಅಂದ. ಆ ಗಟ್ಟಿ ದನಿ ನಡುಗಿದ್ದನ್ನು ಆ ಕೋಣೆ ಮೊದಲ ಸಲ ಕೇಳಿತು. ಅವನು ಕೂತ ಮೇಲೆ ಕುರ್ಚಿಗಳೆಲ್ಲ ಕಿರುಗುಟ್ಟಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ನೆಂಟರ ನೆನಪು.

ಮೊದಲು ಎದ್ದವನು ಕ್ಷೌರದಂಗಡಿಯವನು. "ನನ್ನ ಷಡ್ಡಕನಿಗೆ ವಾಸಿಯಾಗಿಲ್ಲ" ಎಂದ. "ನಿಜ ಹೇಳ್ಬೇಕಂದ್ರೆ ನನಗೆ ಷಡ್ಡಕನೇ ಇಲ್ಲ. ನನ್ನ ಹೆಂಡತಿ ಒಬ್ಬಳೇ ಮಗಳು."

ಟೀಚರಮ್ಮನಿಂದ ಶುರುವಾಗಿ ಇಡೀ ಕೋಣೆ ನಕ್ಕಿತು. ಅವನ ಮದುವೆಯಲ್ಲಿ ಉಂಡವರೇ ಎಲ್ಲ. ಹೆಂಡತಿಗೆ ಅಕ್ಕತಂಗಿಯರಿಲ್ಲವೆಂದು ಗೊತ್ತಿದ್ದೂ, ಇಲ್ಲದ ಷಡ್ಡಕನಿಗಾಗಿ ವರ್ಷಗಟ್ಟಲೆ ಮೊಣಕಾಲೂರಿದ್ದರು. ಅವನೂ ನಕ್ಕ, ನಗುತ್ತಲೇ ಅತ್ತ. ನರ್ಸಮ್ಮ ಅವನ ಪಕ್ಕದ ಕುರ್ಚಿಗೆ ಬಂದು ಕೂತರು. ಅಯ್ಯನವರು ತಮ್ಮ ಜೊತೆ ಓದಿದವರ ವಿಷಯಕ್ಕೆ ಬಂದಾಗ, "ಗೊತ್ತು ಅಯ್ಯನವರೇ, ಕೂತ್ಕೊಳ್ಳಿ. ನಿಮ್ಮ ಬಾಯಲ್ಲಿ ಮಾತು ಬರೋ ತನಕ ನಿಮ್ಮ ಪಾಲಿಂದು ನಾವು ಮಾಡ್ತೀವಿ" ಅಂದ ಬೇಕರಿಯಣ್ಣ. ಟೀಚರಮ್ಮ ಆ ದಿನ ಏನೂ ಹೇಳಲಿಲ್ಲ. ಅವರಿಗೆ ಇನ್ನೂ ಸಮಯ ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ.

ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ನಾನೂ ನೆಂಟರ ಕಥೆ ಹೇಳಿದಂತಾಗುತ್ತದೆ. "ಇದೇನು ಸಭೆಯೋ ಆಸ್ಪತ್ರೆಯೋ" ಎಂದು ಒಂದು ಮನೆಯವರು ಬೇರೆ ಚರ್ಚು ಹಿಡಿದರು. ಕ್ಷೌರದಂಗಡಿಯವನು ಎರಡು ಸಲ ಮತ್ತೆ ಕುಡಿದ, ಎರಡು ಸಲವೂ ಬುಧವಾರ ಬಂದು ತಾನೇ ಹೇಳಿದ. ಗುಳಿಗೆ ಹಿಡಿಯಲು ಬಹಳ ವಾರ ಬೇಕಾಯಿತು. ಬೇಕರಿಯಣ್ಣನ ಹೆಂಡತಿ ಕೆಲವು ದಿನ ಎದ್ದಳು, ಕೆಲವು ದಿನ ಏಳಲಿಲ್ಲ. ಏಳದ ದಿನ ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿ ಇರುತ್ತಿತ್ತು. ಅವಳ ಬಟ್ಟೆ ತಾರಸಿಯ ಬಿಸಿಲಿಗೆ ಬಂತು.

ವರ್ಷ ತಿರುಗಿ ಬಿಷಪ್ಪರು ಮತ್ತೆ ಬಂದರು. ಬೆಂಚುಗಳಲ್ಲಿ ಅಲ್ಲಲ್ಲಿ ಜಾಗ ಖಾಲಿ ಇತ್ತು. ಆರಾಧನೆಯ ನಡುವೆ ಯಾರೋ ಅತ್ತರು, ಪಕ್ಕದವರು ಹಾಡು ನಿಲ್ಲಿಸಿ ಅವರ ಬೆನ್ನು ಸವರಿದರು. ಆಮೇಲೆ ಹಿಂಬದಿಯ ಕೋಣೆಯಲ್ಲಿ ಬ್ರೆಡ್ಡಿನ ತಟ್ಟೆ ಹಿಡಿದು ಕೂತ ಬಿಷಪ್ಪರು, ಸ್ವಲ್ಪ ಚಿಂತೆಯಿಂದಲೇ, "ಹೇಗಿದೆ ಸಭೆ?" ಎಂದು ಬೇಕರಿಯಣ್ಣನನ್ನು ಕೇಳಿದರು.

"ತುಂಬ ಆರೋಗ್ಯವಾಗಿದೆ ಬಿಷಪ್ಪರೇ" ಎಂದ ಅವನು, ಹಳೆಯ ಗಟ್ಟಿ ದನಿಯಲ್ಲೇ. "ಎಲ್ಲರಿಗೂ ಏನೋ ಒಂದು ಕಾಯಿಲೆ ಇದೆ."

ಬಿಷಪ್ಪರಿಗೆ ಅರ್ಥವಾಯಿತೋ ಇಲ್ಲವೋ. ಬಾಗಿಲ ಬಳಿಯ ಕುರ್ಚಿಯಲ್ಲಿ, ನೀಟಾಗಿ ತಲೆ ಬಾಚಿಕೊಂಡು ಅವನ ಹೆಂಡತಿ ಕೂತಿದ್ದಳು. ಆ ದಿನ ಬೆಳಿಗ್ಗೆ ತಿಂಗಳುಗಳಾದ ಮೇಲೆ ಮೊದಲ ಸಲ ಒಲೆಯ ಕೋಣೆಗೆ ಇಳಿದು ಬಂದು, ಗಂಡನ ಕೈಯಿಂದ ಉಪ್ಪಿನ ಡಬ್ಬಿ ತೆಗೆದುಕೊಂಡಿದ್ದಳು. ಒಂದು ಹಿಡಿ ಹಾಕಿದಳು, ಯೋಚಿಸಿ ಇನ್ನೊಂದು ಹಿಡಿ ಹಾಕಿದಳು. ಅವನು ನೋಡಿಯೂ ನೋಡದಂತೆ ಹಿಟ್ಟು ನಾದುತ್ತಿದ್ದ.

"ಬ್ರೆಡ್ಡು ಹೇಗಿದೆ ಬಿಷಪ್ಪರೇ? ಉಪ್ಪು ಸರಿಯಾಗಿದೆಯಾ?" ಎಂದು ಕೇಳಿದಳು ಅವಳು.

ಬಿಷಪ್ಪರು ಕಷ್ಟಪಟ್ಟು ನುಂಗಿ, ನೀರು ಕುಡಿದು, ದೊಡ್ಡವರ ಮರ್ಯಾದೆಗೆ ತಕ್ಕಂತೆ, "ಬಹಳ ಚೆನ್ನಾಗಿದೆ ಅಮ್ಮ, ಸರಿಯಾಗಿದೆ" ಎಂದರು.

"ಇಲ್ಲ ಅಕ್ಕ, ಜಾಸ್ತಿಯಾಗಿದೆ" ಅಂದ ಕ್ಷೌರದಂಗಡಿಯವನು.

"ಬಾಯಿಗೆ ಇಡಕ್ಕಾಗಲ್ಲ" ಅಂದರು ಟೀಚರಮ್ಮ.

"ಇನ್ನೊಂದು ಲೋಟ ನೀರು ಕೊಡಿ ಬಿಷಪ್ಪರಿಗೆ" ಅಂದರು ನರ್ಸಮ್ಮ.

ಬೇಕರಿಯಣ್ಣ ಹೆಂಡತಿಯ ಮುಖ ನೋಡಿದ. ಅವಳು ತನ್ನ ಪಾಲಿನ ಚೂರನ್ನು ಕಚ್ಚಿ, ಮುಖ ಕಿವುಚಿ, ಗಲ್ಲಾದಲ್ಲಿ ಕೂತು ನಗುತ್ತಿದ್ದ ಆ ಹಳೆಯ ನಗೆಯನ್ನು ನಕ್ಕಳು. "ನಾಳೆ ಕಮ್ಮಿ ಹಾಕ್ತೀನಿ" ಅಂದಳು. ಆ ನಾಳೆ ಎಂಬ ಮಾತು ಅವಳ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ಬೇಕರಿಯಣ್ಣ ತಟ್ಟೆಯಲ್ಲಿದ್ದ ಆ ಉಪ್ಪು ಬ್ರೆಡ್ಡನ್ನು ಒಂದು ಚೂರೂ ಬಿಡದೆ ತಿಂದ.